ಒಂದು ಮೊಳ ಹಾವು

ಶಾಲೆಗಳೆಲ್ಲ ಬಾಗಿಲು ಹಾಕಿದ್ದ ವರ್ಷ ಕುಮಟೆಯ ಕೇಬಲ್ ಚಾನೆಲ್ಲೊಂದು ಮಕ್ಕಳಿಗೆ ಟೀವಿಯಲ್ಲೇ ಪಾಠ ಹೇಳಿಸುವ ಕಾರ್ಯಕ್ರಮ ಶುರು ಮಾಡಿತು. ಕನ್ನಡ ಕಲಿಸಲು ಹೊನ್ನಾವರದ ಕಡೆಯಿಂದ ನನ್ನನ್ನು ಕರೆದರು. ಯಾಕೆ ನನ್ನನ್ನೇ ಎಂದು ಇವತ್ತಿಗೂ ಗೊತ್ತಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಸಣ್ಣ ಮಕ್ಕಳ ಟೀಚರು. ಬೋರ್ಡಿನ ಮೇಲೆ ಅಕ್ಷರ ದುಂಡಗೆ ಬರುತ್ತದೆ ಎಂಬುದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಆಗ ನನಗೆ ಮದುವೆಯಾಗಿ ಎರಡನೆಯ ವರ್ಷ. ಗಂಡ ಕಾರವಾರದಲ್ಲಿ ಕೆಲಸದಲ್ಲಿದ್ದರು, ರಜೆ ಸಿಕ್ಕಾಗ ಬರುತ್ತಿದ್ದರು. ಶರಾವತಿ ಸೇತುವೆಯ ಆಚೆ, ಕಾಸರಕೋಡಿನ ಕಡೆ ನಮ್ಮ ಮನೆ. ಅಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಅತ್ತೆ ಹರಿವೆ, ಬಸಳೆ, ಬೆಂಡೆ ಬೆಳೆಯುವ ಹೆಂಗಸು. ನನ್ನ ಮೇಲೆ ಅವರಿಗೆ ಕೋಪವೇನೂ ಇರಲಿಲ್ಲ. ಇದ್ದದ್ದು ಮರ್ಯಾದೆ, ಅದೂ ಬೇಕಾದ್ದಕ್ಕಿಂತ ಹೆಚ್ಚು. ಮನೆಗೆ ಬಂದ ಸೊಸೆಯನ್ನು "ಟೀಚರೆ" ಎಂದು ಕರೆಯುತ್ತಿದ್ದರು. "ಟೀಚರೆ, ಊಟ ಮಾಡ್ತ್ರಾ?" "ಟೀಚರೆ, ಬಿಸ್ನೀರು ಕಾದಿದೆ, ಮೀಯೂಕೆ ಹೋಗಿ." ನಮ್ಮ ಕಡೆ ಸೊಸೆಗೆ ಹೀಗೆ ಬಹುವಚನ ಹಚ್ಚಿ ಮಾತಾಡುವ ಅತ್ತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶಾಲೆ ಮುಚ್ಚುವುದಕ್ಕೆ ಮೊದಲು, ಒಂದು ಸಂಜೆ ಶಾಲೆಯಿಂದ ಬರುವಾಗ ಹಿತ್ತಲಲ್ಲಿ ಜೋರು ನಗೆ ಕೇಳಿತ್ತು. ಬೇಲಿಯ ಸಂದಿಯಿಂದ ನೋಡಿದರೆ, ಅತ್ತೆ ಸೆರಗನ್ನು ಹೆಗಲಿಗೆ ಟವೆಲಿನ ಹಾಗೆ ಹಾಕಿಕೊಂಡು, ಹೊಟ್ಟೆ ಮುಂದೆ ಮಾಡಿ, ರೇಶನ್ ಅಂಗಡಿಯವನ ನಡಿಗೆ ನಡೆಯುತ್ತಿದ್ದಾರೆ. ಕೇರಿಯ ನಾಲ್ಕೈದು ಹೆಂಗಸರು ನಕ್ಕು ನಕ್ಕು ನೆಲಕ್ಕೆ ಕೂತಿದ್ದರು. ನಾನು ಗೇಟು ತೆಗೆದ ಸದ್ದಾಯಿತು. "ಟೀಚರು ಬಂದ್ರು," ಎಂದು ಯಾರೋ ಹೇಳಿದರು. ಎಲ್ಲರೂ ಎದ್ದು ಸೀರೆ ಕೊಡವಿಕೊಂಡರು. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ಚಾಕ್ಕೆ ನೀರಿಟ್ಟರು. ನಾನೂ ನೋಡಬಹುದಿತ್ತಲ್ಲ ಎಂದು ಅವತ್ತು ಮನಸ್ಸಿಗೆ ಚುರುಕ್ ಎಂದಿತ್ತು. ಹೇಳುವುದು ಯಾರಿಗೆ?

ಕುಮಟೆಗೆ ಹೋಗುವ ದಿನ ಬಸ್ಸು ಇರಲಿಲ್ಲ. ಪಕ್ಕದ ಮನೆಯವರ ರಿಕ್ಷಾದಲ್ಲಿ ಹೊರಟೆ. ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಹೋಗುವುದು ಬೇಡ ಎಂದು ಅತ್ತೆ ತಾವೂ ಕೊಡೆ ಹಿಡಿದು ಹತ್ತಿ ಕೂತರು. ಸ್ಟುಡಿಯೋ ಎಂದರೆ ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿನ ಒಂದು ಕೋಣೆ. ಚಾನೆಲ್ ನಡೆಸುವವರು ಮದುವೆ ಮುಂಜಿಗಳ ವಿಡಿಯೋ ಮಾಡುತ್ತಿದ್ದ ಮನುಷ್ಯ. ಮದುವೆಗಳೇ ಇಲ್ಲದ ಕಾಲ, ಕೆಮರಾ ಸುಮ್ಮನೆ ಕೂತಿತ್ತು. ಅದಕ್ಕೇ ಈ ಪಾಠದ ಯೋಚನೆ ಬಂದದ್ದು ಎಂದು ಅವರೇ ನಗುತ್ತ ಹೇಳಿದರು.

ಬೋರ್ಡಿನ ಮುಂದೆ ನಿಂತೆ. ಕೆಂಪು ದೀಪ ಹತ್ತಿತು. "ಮಕ್ಕಳೇ," ಎಂದೆ. ಮುಂದೆ ಏನೂ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನ ಮಾಡಿದೆ, ಮತ್ತೂ ಒಮ್ಮೆ.

"ಕೆಮರಾವನ್ನೇ ಮಕ್ಕಳು ಅಂದ್ಕೊಳ್ಳಿ ಟೀಚರೆ," ಎಂದರು ವಿಡಿಯೋದವರು.

ಹೇಗೆ ಅಂದುಕೊಳ್ಳಲಿ? ಕೆಮರಾ ಮೂಗು ಒರೆಸಿಕೊಳ್ಳುವುದಿಲ್ಲ, ಪಕ್ಕದವನಿಗೆ ಚಿವುಟುವುದಿಲ್ಲ, ಕಿಟಕಿಯಾಚೆ ನೋಡುವುದಿಲ್ಲ. ನನ್ನನ್ನು ಬಿಟ್ಟುಬಿಡಿ, ಬೇರೆಯವರನ್ನು ಕರೆಯಿರಿ ಎಂದು ಹೇಳುವವಳೇ ಇದ್ದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ಅತ್ತೆ ಎದ್ದರು. ಕೊಡೆಯನ್ನು ಗೋಡೆಗೆ ಒರಗಿಸಿ, ಒಂದು ಸ್ಟೂಲು ಎಳೆದುಕೊಂಡು ಬಂದು ಬೋರ್ಡಿನ ಎದುರು ಕೂತೇಬಿಟ್ಟರು.

"ನಂಗೇ ಪಾಠ ಮಾಡಿ ಟೀಚರೆ. ಆ ಬದಿ ನೋಡೂದೇ ಬೇಡ."

ಅವರ ಮುಖ ನೋಡಿಕೊಂಡು ಶುರು ಮಾಡಿದೆ. ಮಾತು ಬಂತು. ಕಾಗುಣಿತದ ಪಾಠ. ಬೋರ್ಡಿನ ಮೇಲೆ "ಹೂವು" ಎಂದು ದೊಡ್ಡದಾಗಿ ಬರೆದು, ತರಗತಿಯ ರೂಢಿಯಲ್ಲಿ ಕೇಳಿಬಿಟ್ಟೆ, "ಇದೇನು, ಓದಿ ನೋಡುವಾ?"

ಅತ್ತೆ ಕೈಕಟ್ಟಿಕೊಂಡು, ಒಂದನೆಯ ತರಗತಿಯ ಜಾಣ ಮಗುವಿನ ಹಾಗೆ ಗಟ್ಟಿಯಾಗಿ ಹೇಳಿದರು, "ಹಾವು."

ಕೆಮರಾದ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು, "ಅತ್ತೆ, ಅದು ಹೂವು," ಎಂದೆ. ಅತ್ತೆ ಒಂದು ಗಳಿಗೆ ಬೋರ್ಡು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಹಣೆ ಚಚ್ಚಿಕೊಂಡರು.

"ಹೂವಾ? ಅದಕ್ಕೇ ಮತ್ತೆ! ಮೊನ್ನೆ ಪೇಟೇಲಿ ಆ ಬೋರ್ಡ್ ನೋಡಿ, ತಲೆಗೆ ಮುಡೂಕೆ ಒಂದು ಮೊಳ ಹಾವು ಕೊಡಿ ಅಂದೆ. ಅಂವ ಅಂಗಡಿ ಬಿಟ್ಟು ಓಡೇ ಹೋದ."

ವಿಡಿಯೋದವರಿಗೆ ನಗೆ ತಡೆಯಲಾಗದೆ ಕೆಮರಾ ಅಲುಗಾಡಿತು. ಆ ಅಲುಗಾಟವನ್ನೂ ಸೇರಿಸಿಯೇ ಟೀವಿಯಲ್ಲಿ ಹಾಕಿದರು.

ಮರುದಿನ ನಮ್ಮ ಕೇರಿಯ ಮಕ್ಕಳು ಬೇಲಿಯ ಆಚೆ ನಿಂತು, "ಅಜ್ಜೀ, ಒಂದು ಮೊಳ ಹಾವು!" ಎಂದು ಕೂಗತೊಡಗಿದರು. ಕುಮಟೆಯಿಂದ ಫೋನು ಬಂತು. ಮುಂದಿನ ವಾರದಿಂದ ಅಜ್ಜಿ ಇಲ್ಲದೆ ಬರಬೇಡಿ ಎಂದರು. ಹೀಗೆ ಪಾಠದ ಕೊನೆಯಲ್ಲಿ ಪ್ರತಿ ವಾರ ಒಂದು ಸಣ್ಣ ನಗೆನಾಟಕ ಸೇರಿಕೊಂಡಿತು. ಎಲ್ಲೋ ಒಂದು ಬೋರ್ಡು. ಅಜ್ಜಿ ಅದನ್ನು ತಪ್ಪಾಗಿ ಓದುತ್ತಾಳೆ, ಓದಿದ್ದನ್ನೇ ನಂಬಿ ಅಂಗಡಿಯೊಳಗೆ ನುಗ್ಗುತ್ತಾಳೆ. ಅಂಗಡಿಯವಳು ನಾನು. ಟೀವಿಯ ಮುಂದೆ ಕೂತ ಮಕ್ಕಳು ಸರಿಯಾದ ಶಬ್ದವನ್ನು ಕೂಗಿ ಹೇಳಬೇಕು. ಮಕ್ಕಳೇ ಆ ಪಾತ್ರಕ್ಕೆ ತಪ್ಪಜ್ಜಿ ಎಂದು ಹೆಸರಿಟ್ಟರು.

ಮೊದಮೊದಲು ಮಾತುಗಳನ್ನು ನಾನೇ ಯೋಚಿಸಿ, ರಿಕ್ಷಾದಲ್ಲಿ ಹೋಗುವಾಗ ಅತ್ತೆಗೆ ಹೇಳಿಕೊಡುತ್ತಿದ್ದೆ. "ಬಳೆ ಅಂಗಡಿ" ಎಂಬುದನ್ನು "ಬಾಳೆ ಅಂಗಡಿ" ಎಂದು ಓದಬೇಕು, ಒಂದು ಡಜನ್ ಕೇಳಬೇಕು. ಇಷ್ಟೇ ನಾನು ಹೇಳಿದ್ದು. ಅತ್ತೆ ಕೆಮರಾದ ಎದುರು ಗಾಜಿನ ಬಳೆಯೊಂದನ್ನು ಎತ್ತಿ, ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೂಗಿನ ಹತ್ತಿರ ಹಿಡಿದು, "ಇನ್ನೂ ಕಸುಗಾಯಿ. ನಾಕು ದಿನ ಅಕ್ಕಿ ಡಬ್ಬಿಲಿ ಮುಚ್ಚಿಡಿ, ಹಣ್ಣಾದ್ಮೇಲೆ ಬರ್ತೆ," ಎಂದು ಹೇಳಿ ನಡೆದೇಬಿಟ್ಟರು. ನಾನು ಅಂಗಡಿಯವಳಾಗಿ ಬಾಯಿ ತೆರೆದು ನಿಂತೆ. ಅದು ನಟನೆಯಲ್ಲ. ಅವತ್ತು ಬೇಲಿಯ ಸಂದಿಯಿಂದ ಕದ್ದು ನೋಡಿದ ಹೆಂಗಸು ಈಗ ನನ್ನ ಎದುರಿಗೇ, ನನ್ನ ಜೊತೆಯಲ್ಲೇ ಇದ್ದರು.

ಮಳೆಗಾಲದ ನಡುವೆ ಒಂದು ದಿನ ವಿಡಿಯೋದವರು ಹೊಸದೊಂದು ಬೋರ್ಡು ಬರೆಸಿ ತಂದಿದ್ದರು. ನನಗೂ ಮುಂಚೆ ಹೇಳಿರಲಿಲ್ಲ.

"ಅಜ್ಜಿ, ಈ ಸಲ ತಪ್ಪನ್ನ ನೀವೇ ಆರಿಸ್ಕೊಳ್ಳಿ. ನಿಮ್ಗೆ ನಾವು ಹೇಳಿಕೊಡೂದೆಂತ ಇದೆ?" ಎಂದರು.

ಅತ್ತೆ ಬೋರ್ಡಿನ ಮುಂದೆ ನಿಂತರು. ಕೆಂಪು ದೀಪ ಹತ್ತಿಯೇ ಇತ್ತು. ಮೊದಲ ದಿನ ನಾನು ಹೇಗೆ ನಿಂತಿದ್ದೆನೋ ಹಾಗೇ ನಿಂತಿದ್ದರು. ಕೊನೆಗೆ, ತಲೆನೋವು, ಇವತ್ತು ಆಗೂದಿಲ್ಲ ಎಂದು ಕೊಡೆ ತೆಗೆದುಕೊಂಡು ಇಳಿದುಹೋದರು. ಮನೆಗೆ ಬಂದು ಕಾಲು ತೊಳೆಯುವಾಗ, ಚೊಂಬು ಕೆಳಗಿಟ್ಟು ಹೇಳಿದರು.

"ಟೀಚರೆ, ನಂಗೆ ಓದೂಕೆ ಬರೂದಿಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. "ಮತ್ತೆ ಇಷ್ಟು ದಿನ ಓದಿದ್ದು?"

"ನೀವು ಹೇಳಿಕೊಟ್ಟಿದ್ದು ಹೇಳ್ದೆ. ಬೋರ್ಡಲ್ಲಿ ಎಂತ ಇತ್ತೋ ದೇವ್ರಿಗೇ ಗೊತ್ತು."

"ಮೊದಲ ದಿನದ ಹಾವು?"

"ಅದು ಹಾವೇ ಅಂತ ಮಾಡಿದ್ದೆ. ಅಕ್ಷರ ಸುತ್ತಿಕೊಂಡು, ಬಾಲ ಬಿಟ್ಟುಕೊಂಡು ಕೂತಿತ್ತಲ್ಲ! ನೀವೆಲ್ಲ ನಗೂಕೆ ಹಿಡಿದ್ರಿ. ತಪ್ಪಿಹೋಯ್ತು ಅಂತ ಗೊತ್ತಾಯ್ತು. ಮತ್ತೆ ಎಂತ ಮಾಡೂದು, ಬಾಯಿಗೆ ಬಂದಿದ್ದು ಹೇಳ್ದೆ."

ಜಗಲಿಯ ಮೇಲೆ ಕೂತು ಅವರು ತಮ್ಮ ಸಣ್ಣಂದಿನ ಕತೆ ಹೇಳಿದರು. ಅವರ ತವರಿನಲ್ಲಿ ಶಾಲೆ ಹಳ್ಳದ ಆಚೆ ಇತ್ತಂತೆ. ತಮ್ಮನ ಪಾಟಿಯನ್ನು ಇವರೇ ಎತ್ತಿಕೊಂಡು ಹೋಗಿ, ಹಳ್ಳ ದಾಟಿಸಿ, ಅವನ ಕೈಗೆ ಕೊಟ್ಟು ಗದ್ದೆ ಕೆಲಸಕ್ಕೆ ತಿರುಗಿ ಬರುತ್ತಿದ್ದರಂತೆ. ಸಹಿಯೊಂದನ್ನು ಮಗ ಗುಟ್ಟಾಗಿ ಕಲಿಸಿದ್ದ, ನನ್ನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಉಳಿದದ್ದಕ್ಕೆಲ್ಲ, "ಕನ್ನಡಕ ಎಲ್ಲಿಟ್ಟೆನೋ, ಸ್ವಲ್ಪ ಓದಿ ಹೇಳಿ," ಎಂಬ ಒಂದೇ ಮಾತಿನಲ್ಲಿ ಜೀವನ ದಾಟಿಸಿದ್ದರು. ಅಳಲಿಲ್ಲ. ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದರು. "ಇನ್ನು ನಾ ಬರೂದಿಲ್ಲ. ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿಬಿಡಿ," ಎಂದು ಎದ್ದರು.

ನಾನು ಆತು ಎಂದೆ.

ಬೆಳಿಗ್ಗೆ ಚಾ ಕುಡಿಯುವಾಗ ಅತ್ತೆ ಲೋಟ ಹಿಡಿದುಕೊಂಡು ನನ್ನ ಎದುರು ಬಂದು ಕೂತರು. ರಾತ್ರಿಯೆಲ್ಲ ಯೋಚಿಸಿದ ಮುಖ.

"ತಪ್ಪು ಓದೂಕೂ ಮೊದ್ಲು ಸರಿ ಓದೂಕೆ ಬರ್ಬೇಕು. ಹೌದೋ ಅಲ್ವೋ?"

"ಹೌದು."

"ಹಂಗಾರೆ ಕಲಿಸು."

ಕಲಿಸಿ ಎನ್ನಲಿಲ್ಲ, ಕಲಿಸು ಎಂದರು. ಆ ಒಂದು ಏಕವಚನ ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಮದುವೆಯಲ್ಲಿ ಹೊಸ್ತಿಲು ದಾಟಿ ಬಂದಿದ್ದೆ ನಿಜ. ಆದರೆ ಆ ಮನೆಯವಳಾದದ್ದು ಅವತ್ತು ಬೆಳಿಗ್ಗೆ.

ಮಧ್ಯಾಹ್ನದ ಊಟವಾದ ಮೇಲೆ ಒಳಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಮೊದಲು ಮುಂಬಾಗಿಲು ಹಾಕಿಕೊಂಡು ಕೂತೆವು. ನಾನು ಅ, ಆ ಎಂದು ಶುರು ಮಾಡಿದರೆ ಅತ್ತೆ ಒಪ್ಪಲಿಲ್ಲ. "ಅರಸ, ಆನೆ ನಂಗೆಂತಕ್ಕೆ? ಹರಿವೆ ಬರಿ, ಬಸಳೆ ಬರಿ." ಸರಿ, ಅವರ ಹಿತ್ತಲಿನಿಂದಲೇ ವರ್ಣಮಾಲೆ ಹುಟ್ಟಿತು. ಹರಿವೆಯ ಹ, ಬಸಳೆಯ ಬ, ಕೆಸುವಿನ ಕ. ಬೇಗ ಹಿಡಿದರು. ಒತ್ತಕ್ಷರಕ್ಕೆ ಬಂದಾಗ ಮಾತ್ರ ಜಗಳವೇ ಆಯಿತು.

"ಇದು ಎಂತಕ್ಕೆ ಕೆಳಗೆ ಜೋತುಬಿದ್ದಿದ್ದು? ಸಾಲಲ್ಲಿ ಕೂತ್ರೆ ಎಂತ ಆಗ್ತದೆ?"

ನಾನು ಮಕ್ಕಳಿಗೆ ಹೇಳುವ ದನಿಯಲ್ಲೇ, "ಅತ್ತೆ, ಗಮನ ಕೊಡಿ, ನಿನ್ನೆಯೂ ಇದನ್ನೇ ಹೇಳಿದ್ದೆ," ಎಂದುಬಿಟ್ಟೆ. ಅವರು ಎದ್ದು, ನೆಲದ ಮೇಲಿನ ಅಕ್ಷರವನ್ನೆಲ್ಲ ಕಾಲಲ್ಲೇ ಅಳಿಸಿ ಹಿತ್ತಲಿಗೆ ಹೋದರು. ಎರಡು ದಿನ ಸೀಮೆಸುಣ್ಣ ಮುಟ್ಟಲಿಲ್ಲ. ಮೂರನೆಯ ದಿನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಒಳಗಿಂದ ಕೂಗಿದರು. ಹೋಗಿ ನೋಡಿದರೆ ಜಗಲಿಯ ನೆಲದ ಮೇಲೆ ಸೊಟ್ಟಂಬಟ್ಟ "ಅಮ್ಮ" ಎಂದು ಬರೆದಿತ್ತು, ಕೆಳಗಿನ ಮಕಾರ ಮೇಲಿನದಕ್ಕಿಂತ ದೊಡ್ಡದು. "ಜೋತುಬೀಳದಂಗೆ ಗಟ್ಟಿ ಮಾಡಿ ಕೂರಿಸಿದ್ದೆ," ಎಂದರು. ಇಬ್ಬರಿಗೂ ನಗೆ ಬಂತು. ಆಮೇಲೆ ಬಾಗಿಲು ಹಾಕಿಕೊಳ್ಳುವುದನ್ನೂ ಬಿಟ್ಟೆವು. ಕೇರಿಯ ಹೆಂಗಸರು ಇಣುಕಿ, "ಎಂತ ನಡೀತೀತು?" ಎಂದು ಕೇಳಿದರೆ ಅತ್ತೆ, "ಮುಂದಿನ ವಾರದ ತಾಲೀಮು," ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ವಿಡಿಯೋದವರು ಒಳ್ಳೆಯ ಮನುಷ್ಯ. ಅಜ್ಜಿಗೆ ತಲೆನೋವು ಎಂದಷ್ಟೇ ಹೇಳಿದ್ದೆವು. ಗುಣವಾಗುವವರೆಗೆ ಹಳೆಯದನ್ನೇ ಮತ್ತೆ ಹಾಕುತ್ತೇನೆ, ಅವಸರ ಬೇಡ ಎಂದರು. ಮಕ್ಕಳು ಹಾವನ್ನೂ ಬಳೆಯನ್ನೂ ಮತ್ತೆ ಮತ್ತೆ ನೋಡಿದರು. ಮಳೆ ಕಡಿಮೆಯಾಗುವ ಹೊತ್ತಿಗೆ ಅತ್ತೆ ಮತ್ತೆ ಕೊಡೆ ಹಿಡಿದು ಹೊರಟರು. ಏನು ಮಾಡುತ್ತೀರಿ ಎಂದರೆ ಹೇಳಲಿಲ್ಲ. "ಹಲ್ಲಿನ ಡಾಕ್ಟರು ಅಂತ ಬೋರ್ಡ್ ಬರಿ, ನೀನು ಡಾಕ್ಟರಾಗು," ಎಂದರು, ಅಷ್ಟೇ.

ನಾನು ಬಿಳಿ ಕೋಟು ಹಾಕಿ ಕೂತೆ. ಅತ್ತೆ ಬೋರ್ಡಿನ ಎದುರು ನಿಂತು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ನಿಧಾನ ಓದಿದರು, "ಹು... ಲ್ಲಿ... ನ... ಡಾಕ್ಟರು." ಸೀದಾ ಒಳಗೆ ಬಂದು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹಸಿ ಹುಲ್ಲನ್ನು ನನ್ನ ಮೇಜಿನ ಮೇಲಿಟ್ಟರು.

"ನಮ್ಮನೆ ಆಕಳು ಇದನ್ನ ಮೂಸೂದೂ ಇಲ್ಲ ಡಾಕ್ಟರೆ. ಬಾಯಿ ಆ ಮಾಡಿ, ಒಂಚೂರು ತಿಂದು ನೋಡಿ ಹೇಳಿ, ಎಂತ ಕಾಯ್ಲೆ ಅಂತ."

ಹುಲ್ಲನ್ನು ನನ್ನ ಬಾಯಿಯ ತನಕ ತಂದರು. ನನಗೆ ನಗೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಹುಲ್ಲು ಎಂದು ಓದಬೇಕಾದರೆ ಹಲ್ಲು ಎಂದಿರುವುದು ಕಾಣಬೇಕು, ಹಕಾರಕ್ಕೆ ಕೊಂಬು ಕೊಟ್ಟರೆ ಏನಾಗುತ್ತದೆ ಎಂದು ಗೊತ್ತಿರಬೇಕು. ಅದನ್ನು ಅವರೇ ಹುಡುಕಿದ್ದರು. ಆ ಕೋಣೆಯಲ್ಲಿ ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಉಳಿದವರಿಗೆ ಅದು ಎಂದಿನ ತಪ್ಪಜ್ಜಿ.

ಶಾಲೆಗಳು ತೆರೆದವು, ಮದುವೆಗಳೂ ಮತ್ತೆ ಶುರುವಾದವು, ವಿಡಿಯೋದವರಿಗೆ ಬಿಡುವಿಲ್ಲದಾಯಿತು. ಕಾರ್ಯಕ್ರಮ ನಿಂತಿತು. ಕೊನೆಯ ದಿನ ಅವರು ನಮ್ಮಿಬ್ಬರನ್ನೂ ಹೊಟೆಲ್ಲಿಗೆ ಕರೆದುಕೊಂಡು ಹೋಗಿ ಬನ್ಸು ಭಾಜಿ ತಿನ್ನಿಸಿದರು. ಭಾಷಣ ಗೀಷಣ ಏನೂ ಇರಲಿಲ್ಲ. ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆವು.

ಅದಾಗಿ ಸುಮಾರು ಸಮಯದ ಮೇಲೆ ಗಂಡನ ಅಕ್ಕನ ಮಗಳ ಮದುವೆ ಗೊತ್ತಾಯಿತು. ಅವರನ್ನು ಕೊಟ್ಟದ್ದು ಮಿರ್ಜಾನಕ್ಕೆ. ಸೀರೆ ತರಲು ಅತ್ತೆಯೂ ನಾನೂ ಭಟ್ಕಳಕ್ಕೆ ಹೋದೆವು. ಅಂಗಡಿಯಿಂದ ಹೊರಗೆ ಬರುತ್ತಿದ್ದ ಹಾಗೆ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ತಾಯಿಯ ಕೈ ಬಿಡಿಸಿಕೊಂಡು ಓಡಿಬಂದು ಅತ್ತೆಯ ಎದುರು ನಿಂತಳು. "ತಪ್ಪಜ್ಜಿ!" ಎಂದಳು. ಅತ್ತೆ ತಕ್ಷಣ ಪಾತ್ರವಾಗಿಬಿಟ್ಟರು. ಕಣ್ಣು ಕಿರಿದು ಮಾಡಿ, ಅಂಗಡಿಯ ಬೋರ್ಡಿನ ಕಡೆ ಕೈ ತೋರಿಸಿ, "ಸೀರೆ ಅಂತ ಬರೆದಿದ್ರು ಮಗಾ, ನಾ ಸೋರೆ ಅಂತ ಓದಿ ಸಾರು ಮಾಡೂಕೆ ಕೇಳೂಕೆ ಬಂದೆ," ಎಂದರು. ಹುಡುಗಿ ಕುಣಿದಾಡಿದಳು. "ಅಲ್ಲ ಅಜ್ಜಿ, ಸೀ! ಸೀ! ಸೋ ಅಲ್ಲ!"

ಬುರ್ಖಾ ಹಾಕಿಕೊಂಡಿದ್ದ ಆ ತಾಯಿ ನಮ್ಮನ್ನು ಬಿಡಲೇ ಇಲ್ಲ. ಮನೆ ಇಲ್ಲೇ ಹಿಂದಿನ ಓಣಿಯಲ್ಲಿ, ಚಾ ಕುಡಿದೇ ಹೋಗಬೇಕು ಎಂದು ಹಟ ಹಿಡಿದರು. ಹೋದೆವು. ತಂಪಾದ ದೊಡ್ಡ ಪಡಸಾಲೆ. ಒಳಗಿನಿಂದ ಅವರ ಅತ್ತೆ, ಮುದುಕಿ, ಗೋಡೆ ಹಿಡಿದುಕೊಂಡು ಬಂದು ನಮ್ಮ ಎದುರು ಕೂತರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ.

"ನಮ್ಮನೇಲಿ ಮಾತು ನವಾಯತಿ," ಎಂದರು ಆ ತಾಯಿ, ಶಬ್ದಗಳನ್ನು ಆರಿಸಿ ಆರಿಸಿ. "ಇವಳ ಅಪ್ಪ ದುಬೈಲಿ. ಶಾಲೆ ಬಂದಾದಾಗ ಇವಳಿಗೆ ಕನ್ನಡ ಹೇಳಿಕೊಡೋರು ಯಾರೂ ಇರ್ಲಿಲ್ಲ. ನನಗೇ ಸರಿ ಬರ್ತಿರ್ಲಿಲ್ಲ. ನಿಮ್ಮದು ಬರುವಾಗ ಇಬ್ಬರೂ ಕೂತು ನೋಡ್ತಿದ್ವಿ. ಇವಳು ಕೂಗೋದು, ನಾನೂ ಕೂಗೋದು. ಹಾಗೇ ಕಲಿತ್ವಿ." ಆಮೇಲೆ ಅತ್ತೆಯ ಕಡೆ ತಿರುಗಿ ಕೇಳಿದರು, "ನೀವು ಎಷ್ಟು ಓದಿದ್ದೀರಿ ಅಜ್ಜಿ? ಟೀಚರ್ ಆಗಿದ್ರಾ?"

ಆತ್ಮೀಯವಾಗಿ ಕೇಳಿದ ಮಾತು. ಅತ್ತೆ ತಮಾಷೆ ಮಾಡಿ ಜಾರಿಕೊಳ್ಳಬಹುದಿತ್ತು. ಚಾ ಲೋಟ ಕೆಳಗಿಟ್ಟರು.

"ನಂಗೆ ಅಕ್ಷರವೇ ಬರ್ತಿರ್ಲಿಲ್ಲ. ನಾನೂ ಅದ್ರಲ್ಲೇ ಕಲ್ತಿದ್ದು, ನಿಮ್ಮಂಗೇ. ಕಲಿಸಿದ್ದು ಇವ್ಳು, ನನ್ನ ಸೊಸೆ."

ನಮ್ಮ ಕೇರಿಯಲ್ಲಿ, ನೆಂಟರಲ್ಲಿ, ಸ್ವಂತ ಮಗಳಿಗೂ ಹೇಳದಿದ್ದ ಮಾತನ್ನು, ಅದೇ ತಾನೇ ಪರಿಚಯವಾದ ಮನೆಯಲ್ಲಿ ಹೇಳಿಬಿಟ್ಟರು. ಎದುರು ಕೂತ ಮುದುಕಿ ಏನೆಂದು ಕೇಳಿದರು. ಆ ತಾಯಿ ನವಾಯತಿಯಲ್ಲಿ ಬಿಡಿಸಿ ಹೇಳಿದರು. ಮುದುಕಿ ನನ್ನನ್ನೊಮ್ಮೆ, ತಮ್ಮ ಸೊಸೆಯನ್ನೊಮ್ಮೆ ನೋಡಿ ಏನೋ ಹೇಳಿದ್ದೇ, ಆ ತಾಯಿ ನಾಚಿ ನಕ್ಕುಬಿಟ್ಟರು.

"ಎಂತ ಹೇಳಿದ್ರು?" ಎಂದರು ಅತ್ತೆ.

"ನಿಮ್ಮ ಸೊಸೆ ನಿಮಗೆ ಓದು ಕಲಿಸಿದ್ಳು, ನಮ್ಮವಳು ನನಗೆ ಮೊಬೈಲ್ ಹಚ್ಚೋದೂ ಕಲಿಸಿಲ್ಲ ಅಂತಾರೆ!"

ಇಬ್ಬರು ಮುದುಕಿಯರೂ ಕೈ ಕೈ ಹಿಡಿದು ನಕ್ಕದ್ದನ್ನು ನಾನು ಮರೆಯಲಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು, ಆದರೆ ಸೊಸೆಯಂದಿರ ಬಗ್ಗೆ ಇಬ್ಬರಿಗೂ ಹೇಳುವುದು ಬೇಕಾದಷ್ಟಿತ್ತು. ಹೊರಡುವಾಗ ಹಲ್ವಾದ ಪೊಟ್ಟಣ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಆಚೆ ನೋಡುತ್ತ, "ಹೇಳಿಬಿಟ್ಟೆ ನೋಡು. ಹೇಳಿದ್ರೆ ಎಂತದೂ ಆಗೂದಿಲ್ಲ," ಎಂದರು. ಆ ಮದುವೆಯಲ್ಲಿ ಮಗಳಿಗೂ ಹೇಳಿದರು. ಮಗಳು ಅತ್ತಳು, ಅತ್ತೆ ಬೈದು ಕಣ್ಣೊರೆಸಿದರು.

ಆ ವರ್ಷಗಳು ಒಳ್ಳೆಯವಾಗಿದ್ದವು ಎಂದು ಹೇಳಲು ನಾಲಿಗೆ ಏಳುವುದಿಲ್ಲ. ನಮ್ಮ ಕೇರಿಯಿಂದಲೇ ಆಸ್ಪತ್ರೆಗೆ ಹೋದವರೊಬ್ಬರು ತಿರುಗಿ ಬರಲಿಲ್ಲ. ನನ್ನ ಶಾಲೆಯ ದೊಡ್ಡ ತರಗತಿಯ ಕೆಲವು ಮಕ್ಕಳು ಓದು ಬಿಟ್ಟು ದೋಣಿಯ ಕೆಲಸಕ್ಕೆ ಹೋದವರು ಮತ್ತೆ ತರಗತಿಗೆ ಬರಲಿಲ್ಲ. ಅದೆಲ್ಲ ಗೊತ್ತಿದ್ದೂ, ಅದೇ ಕಾಲ ನನಗೆ ಕೊಟ್ಟದ್ದನ್ನು ಇಲ್ಲ ಎನ್ನಲಾರೆ. ಅತ್ತೆ ಸಿಕ್ಕಿದರು. ಪಾಠ ಹೇಳುವ ಬಗೆಯೂ ಸಿಕ್ಕಿತು. ಈಗ ನಾನು ತರಗತಿಯಲ್ಲಿ ಬೇಕೆಂದೇ ತಪ್ಪು ಬರೆಯುತ್ತೇನೆ. ಯಾವಾಗಲೂ ಹಿಂದಿನ ಸಾಲಲ್ಲಿ ಬಾಯಿ ಹೊಲಿದುಕೊಂಡು ಕೂರುತ್ತಿದ್ದ ಹುಡುಗಿಯೊಬ್ಬಳು ಮೊನ್ನೆ ತಡೆಯಲಾರದೆ ಎದ್ದು ಬಂದು, ನನ್ನ ಕೈಯಿಂದ ಸೀಮೆಸುಣ್ಣ ಕಸಿದುಕೊಂಡು, "ಹೀಂಗಲ್ಲ ಟೀಚರೆ, ಸರಿಯಿರಿ," ಎಂದಳು. ಸರಿದು ನಿಂತೆ.

ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದೆ. ಅವರು ಹರಿವೆ ಸೋಸುತ್ತಿದ್ದರು. ಕತ್ತಿಯನ್ನು ಬದಿಗಿಟ್ಟು, "ಆಮೇಲೆ? ಸರಿ ಬರೆದ್ಳಾ?" ಎಂದು ಕೇಳಿದರು. ಬರೆದಳು ಎಂದೆ.